ಕೊಳೆಯನ್ನುಣ್ಣುವ ಅಣುಜೀವಿಗಳೂ ಅವುಗಳ ಜೀವಲಿಪಿಯೂ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಮಡಿವಾಳ ಮಾಚಯ್ಯನವರ ಕಾಯಕವು ಬಟ್ಟೆಯನ್ನು ತೊಳೆದು ಮಡಿ ಮಾಡುವುದಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಆ ಕಾಯಕಕ್ಕೆ ದೊರೆತ ಗೌರವವು ಸಕಲ ಭಕ್ತರಿಗೂ ತಿಳಿದುದೇ ಆಗಿದೆ. ಕೊಳೆ ಮಾಡುವವನು ದೊಡ್ಡವನು, ಕೊಳೆ ತೊಳೆಯುವವನು ಚಿಕ್ಕವನು ಎಂಬ ಲೋಕದ ಎಣಿಕೆಯನ್ನು ಶರಣರು ಒಪ್ಪಲಿಲ್ಲ. ಇಂದಿನ ಗೋಷ್ಠಿಯ ವಿಷಯವೂ ತೊಳೆಯುವ ಒಂದು ಕಾಯಕವನ್ನೇ ಕುರಿತದ್ದು. ಇದನ್ನು ಮಾಡತಕ್ಕವುಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ನೆಲೆಸಿರುವ ಬ್ಯಾಕ್ಟೀರಿಯಾ ಎಂಬ ಅಣುಜೀವಿಗಳು. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉದ್ದವುಳ್ಳ ಇವು ಬರಿಗಣ್ಣಿಗೆ ಕಾಣಲಾರವು. ಇವುಗಳ ಸಂಗತಿಯು ಪೂರ್ವದ ಶರಣರಿಗೆ ತಿಳಿದಿತ್ತೆಂದು ಹೇಳಹೊರಡುವುದು ಭಕ್ತಿಯ ಹೆಸರಿನಲ್ಲಿ ಸುಳ್ಳನ್ನಾಡಿದಂತಾಗುವುದು. ಆದರೆ ಕಾಯಕದ ಬೆಲೆಯನ್ನು ಅರಿತವರಿಗೆ ಇವುಗಳ ಕೆಲಸದ ಬೆಲೆಯನ್ನು ಅರಿಯುವುದು ಕಷ್ಟವಾಗಲಾರದು.

ಮರದಿಂದ ಉದುರಿದ ಎಲೆ, ಅಡವಿಯಲ್ಲಿ ಸತ್ತ ಪ್ರಾಣಿ, ಒಕ್ಕಲಿಗನು ತಿಪ್ಪೆಗೆ ಹಾಕಿದ ಸಗಣಿ ಮತ್ತು ಕಸ, ಇವೆಲ್ಲವೂ ಕೆಲವು ಕಾಲದಲ್ಲಿ ಗೊಬ್ಬರವಾಗಿ ಮಣ್ಣನ್ನು ಸೇರುವುದು ಈ ಅಣುಜೀವಿಗಳ ಮತ್ತು ಅವುಗಳ ಜೊತೆಗಿರುವ ಬೂಷ್ಟು ಮುಂತಾದವುಗಳ ಶ್ರಮದಿಂದಲೇ. ಇವು ಒಂದು ವರ್ಷ ಕೈಕಟ್ಟಿ ಕುಳಿತರೆ ಭೂಮಿಯು ಹೆಣದ ರಾಶಿಯಾಗುವುದು. ಆದರೆ ಈಚಿನ ನೂರೈವತ್ತು ವರ್ಷಗಳಲ್ಲಿ ಮನುಷ್ಯನು ಇವುಗಳ ಮುಂದೆ ಬೇರೊಂದು ಬಗೆಯ ಎಡೆಯನ್ನು ಬಡಿಸಿದ್ದಾನೆ. ನೆಲದಾಳದ ಕಲ್ಲೆಣ್ಣೆಯನ್ನು ಮೇಲೆತ್ತಿ ಹಡಗುಗಳಲ್ಲಿ ತುಂಬಿ ಸಾಗಿಸುವಾಗ ಅದು ಸಮುದ್ರಕ್ಕೆ ಚೆಲ್ಲುತ್ತದೆ. ಸೃಷ್ಟಿಯಲ್ಲಿ ಇಲ್ಲದಿದ್ದ ಅಥವಾ ಅತ್ಯಲ್ಪವಾಗಿದ್ದ ರಾಸಾಯನಿಕ ಪದಾರ್ಥಗಳು ಕಾರಖಾನೆಗಳಲ್ಲಿ ಹುಟ್ಟಿ ಕೆರೆ-ಬಾವಿಗಳನ್ನು ಸೇರುತ್ತವೆ. ಈ ಹೊಸ ಕೊಳೆಯನ್ನು ಉಣ್ಣಬಲ್ಲ ಅಣುಜೀವಿಗಳು ಇವೆಯೇ? ಇದ್ದರೆ ಅವು ಎಷ್ಟನ್ನು ಉಣ್ಣುವವು, ಎಲ್ಲಿಗೆ ನಿಲ್ಲಿಸುವವು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿಗಳಲ್ಲಿ ಒಂದು, ಆ ಜೀವಿಗಳ ಜೀವಲಿಪಿಯನ್ನು ಓದುವುದು.

ಜೀವಲಿಪಿ ಎಂಬುದು ಇಲ್ಲಿ ಜೀನೋಮ್ ಎಂಬುದಕ್ಕೆ ಇಟ್ಟುಕೊಂಡ ಹೆಸರು. ಪ್ರತಿಯೊಂದು ಜೀವಿಯ ಒಳಗೆ ಡಿ.ಎನ್.ಎ. ಎಂಬ ಬಹು ಉದ್ದವಾದ ಎಳೆಯಿರುವುದು. ಅದರಲ್ಲಿ ಎ, ಟಿ, ಜಿ, ಸಿ ಎಂದು ಗುರುತಿಸಲ್ಪಡುವ ನಾಲ್ಕೇ ಅಕ್ಷರಗಳು ಹಿಂದು ಮುಂದಾಗಿ ಲಕ್ಷಗಟ್ಟಲೆ ಸಾರಿ ಬಂದಿರುತ್ತವೆ. ಒಂದು ಕೆಲಸಕ್ಕೆ ಸಂಬಂಧಪಟ್ಟ ಅಕ್ಷರಗಳ ಸಾಲಿಗೆ ಜೀನ್ ಎಂದು ಹೆಸರು. ಆ ಸಾಲಿನ ಪ್ರಕಾರ ಜೀವಿಯು ತನ್ನೊಳಗೆ ಒಂದು ಕಿಣ್ವವನ್ನೋ ಬೇರೊಂದು ಪ್ರೋಟೀನನ್ನೋ ತಯಾರಿಸಿಕೊಳ್ಳುತ್ತದೆ. ಎಣ್ಣೆಯ ಕಣವನ್ನು ಒಡೆಯುವ ಕಿಣ್ವವು ಬೇಕಾದರೆ ಆ ಕಿಣ್ವದ ಜೀನ್ ಇರಲೇಬೇಕು. ಆದುದರಿಂದ ಜೀವಲಿಪಿಯನ್ನು ಆದ್ಯಂತ ಓದಿದರೆ ಆ ಜೀವಿಯ ಕೈಯಲ್ಲಿರುವ ಹತಾರಗಳ ಪಟ್ಟಿಯೇ ದೊರೆತಂತಾಗುವುದು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಭಾಗವು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಯಲೊಲ್ಲವು. ಅಂಥವುಗಳ ಡಿ.ಎನ್.ಎ.ಯನ್ನು ಮಣ್ಣಿನಿಂದ ನೇರವಾಗಿ ತೆಗೆದು ಓದಬಹುದಾದುದರಿಂದ ಈ ವಿದ್ಯೆಯ ಉಪಯೋಗವು ಮತ್ತಷ್ಟು ಹೆಚ್ಚಿನದು.

ಇದನ್ನು ಓದುವ ಕ್ರಮವನ್ನು ಮಠದ ಭಕ್ತರಿಗೆ ಪರಿಚಿತವಾದ ಒಂದು ದೃಷ್ಟಾಂತದಿಂದ ತಿಳಿಯಬಹುದು. ಫ. ಗು. ಹಳಕಟ್ಟಿಯವರು ಮನೆಮನೆಗೂ ಮಠಮಠಕ್ಕೂ ಹೋಗಿ ತಾಡವೋಲೆಗಳನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಒಂದು ಕಟ್ಟಿನಲ್ಲಿ ಗರಿ ಮುರಿದಿದ್ದರೆ ಬೇರೊಂದು ಕಟ್ಟಿನಿಂದ ಆ ಭಾಗವನ್ನು ತುಂಬಿಕೊಳ್ಳುವುದು, ಎರಡು ಪ್ರತಿಗಳಲ್ಲಿ ಒಂದೇ ಆಗಿರುವ ಸಾಲುಗಳನ್ನು ಹಿಡಿದು ಮುಂದಿನ ಪಾಠವನ್ನು ನಿರ್ಧರಿಸುವುದು ಓಲೆಯ ವಿದ್ವಾಂಸರ ಪದ್ಧತಿ. ಜೀವಲಿಪಿಯನ್ನು ಓದುವವರ ಪದ್ಧತಿಯೂ ಹೆಚ್ಚು ಕಡಿಮೆ ಹಾಗೆಯೇ ಇರುವುದು. ಒಂದೇ ಡಿ.ಎನ್.ಎ.ಯ ಅನೇಕ ಪ್ರತಿಗಳನ್ನು ಬೇರೆ ಬೇರೆ ಕಡೆಗಳಲ್ಲಿ ತುಂಡರಿಸಿ, ಒಂದೊಂದು ತುಂಡನ್ನೂ ಓದಿ, ಒಂದರ ಕೊನೆಯೂ ಮತ್ತೊಂದರ ಮೊದಲೂ ಹೊಂದಿಕೊಳ್ಳುವಲ್ಲಿ ಅವುಗಳನ್ನು ಕಂಪ್ಯೂಟರಿನ ನೆರವಿನಿಂದ ಜೋಡಿಸುತ್ತಾರೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬವರು ೧೯೭೭ರಲ್ಲಿ ಅಕ್ಷರಗಳನ್ನು ಓದುವ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಅವರ ಸಂಗಡಿಗರೊಡನೆ ಹೊರಬಂದ ಒಂದು ವೈರಸ್ಸಿನ ಲಿಪಿಯಲ್ಲಿ ಇದ್ದ ಅಕ್ಷರಗಳು ಸುಮಾರು ೫,೪೦೦ ಮಾತ್ರ. ತಾನೇ ಸ್ವತಂತ್ರವಾಗಿ ಬಾಳುವ ಒಂದು ಜೀವಿಯ ಪೂರ್ಣ ಲಿಪಿಯು ಮೊದಲ ಸಾರಿ ಓದಲ್ಪಟ್ಟುದು ೧೯೯೫ರಲ್ಲಿ. ಅದು ಹೀಮೋಫಿಲಸ್ ಎಂಬ ಬ್ಯಾಕ್ಟೀರಿಯಾದ್ದು, ಸುಮಾರು ೧೮ ಲಕ್ಷ ೩೦ ಸಾವಿರ ಅಕ್ಷರಗಳುಳ್ಳದ್ದು.

ಕೊಳೆಯನ್ನುಣ್ಣುವ ಜೀವಿಗಳ ಮೇಲಿನ ಆಸೆಯು ಇದಕ್ಕಿಂತಲೂ ಹಳೆಯದು. ಬಂಗಾಳದಲ್ಲಿ ಹುಟ್ಟಿ ಅಮೇರಿಕಾದಲ್ಲಿ ನೆಲೆಸಿದ ಆನಂದ ಮೋಹನ ಚಕ್ರವರ್ತಿ ಎಂಬ ವಿಜ್ಞಾನಿಯು ೧೯೭೦ರ ದಶಕದ ಆದಿಯಲ್ಲಿ ಸ್ಯೂಡೋಮೋನಾಸ್ ಕುಲದ ಬೇರೆ ಬೇರೆ ಬ್ಯಾಕ್ಟೀರಿಯಾಗಳ ಶಕ್ತಿಗಳನ್ನು ಒಂದರಲ್ಲಿಯೇ ಕೂಡಿಸಿ ಕಲ್ಲೆಣ್ಣೆಯ ಹಲವು ಅಂಶಗಳನ್ನು ಒಡೆಯುವ ಜೀವಿಯೊಂದನ್ನು ರೂಪಿಸಿದರು. ಜೀವಿಯ ಮೇಲೆ ಪೇಟೆಂಟಿನ ಹಕ್ಕು ಸಲ್ಲುವುದೇ ಎಂಬ ವ್ಯಾಜ್ಯವು ಆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಗಿ, ೧೯೮೦ರ ಜೂನ್ ೧೬ರಂದು ಐವರು ನ್ಯಾಯಾಧೀಶರು ಒಂದು ಕಡೆಗೂ ನಾಲ್ವರು ಮತ್ತೊಂದು ಕಡೆಗೂ ನಿಂತು ಚಕ್ರವರ್ತಿಯವರಿಗೆ ಅನುಕೂಲವಾಗಿ ತೀರ್ಪಾಯಿತು. ಲೋಕವೆಲ್ಲ ಬೆರಗಾಯಿತು. ಆದರೆ ಆ ಜೀವಿಯು ಸಮುದ್ರದ ಎಣ್ಣೆಯನ್ನು ತೊಳೆಯುವ ಕೆಲಸಕ್ಕೆ ಬಳಕೆಯಾಗಲೇ ಇಲ್ಲ. ಪ್ರಯೋಗಶಾಲೆಯಲ್ಲಿ ತೋರುವ ಶಕ್ತಿಯು ಬೇರೆ. ಬಯಲಿನಲ್ಲಿ ಸಹಸ್ರ ಜೀವಿಗಳ ನಡುವೆ ಬದುಕಿ ಕೆಲಸ ಮಾಡುವ ಶಕ್ತಿಯು ಬೇರೆ.

ಇದೇ ಕುಲಕ್ಕೆ ಸೇರಿದ ಸ್ಯೂಡೋಮೋನಾಸ್ ಪುಟಿಡಾ ಎಂಬುದರ ಕೆ.ಟಿ. ೨೪೪೦ ಎಂಬ ತಳಿಯ ಲಿಪಿಯು ೨೦೦೨ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಅದರಲ್ಲಿ ಸುಮಾರು ೬೧ ಲಕ್ಷ ೮೦ ಸಾವಿರ ಅಕ್ಷರಗಳಿದ್ದವು. ಇದರ ಮೂಲವು ಜಪಾನಿನ ಮಣ್ಣು. ಆರು ಇಂಗಾಲದ ಪರಮಾಣುಗಳು ಬಳೆಯಂತೆ ಕೂಡಿಕೊಂಡಿರುವ ಪದಾರ್ಥಗಳು ಕಲ್ಲೆಣ್ಣೆಯಲ್ಲಿಯೂ ಡಾಂಬರಿನಲ್ಲಿಯೂ ಅನೇಕ. ಆ ಬಳೆಯನ್ನು ಮುರಿಯುವುದು ಕಷ್ಟವಾದುದು. ಅದನ್ನು ಮುರಿಯತಕ್ಕ ಅನೇಕ ಜೀನುಗಳು ಈ ಲಿಪಿಯಲ್ಲಿ ಕಂಡುಬಂದವು. ಮರದ ಕಟ್ಟಿಗೆಯು ಕೊಳೆತಾಗಲೂ ಬಳೆಯಾಕಾರದ ಪದಾರ್ಥಗಳು ಹುಟ್ಟುವುದರಿಂದ, ಕಾಡಿನ ಮಣ್ಣಿನಲ್ಲಿ ಎಂದೋ ಕಲಿತ ಹಳೆಯ ವಿದ್ಯೆಯನ್ನು ಈ ಜೀವಿಗಳು ಇಂದು ಕಾರಖಾನೆಯ ಕೊಳೆಯ ಮೇಲೆ ನಡೆಸುತ್ತಿವೆ ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಇದಲ್ಲದೆ, ಇದರ ಸಮೀಪದ ಬಂಧುವೊಂದು ಮನುಷ್ಯರಿಗೆ ರೋಗವನ್ನುಂಟುಮಾಡುವುದಾಗಿದ್ದು, ಆ ರೋಗಕ್ಕೆ ಕಾರಣವಾದ ಮುಖ್ಯ ಜೀನುಗಳಲ್ಲಿ ಕೆಲವು ಈ ತಳಿಯಲ್ಲಿ ಇಲ್ಲವೆಂಬುದೂ ಲಿಪಿಯಿಂದಲೇ ಗೊತ್ತಾಯಿತು. ಕೆಲಸಕ್ಕೆ ಕರೆಯುವ ಮೊದಲು ಆಳಿನ ಗುಣವನ್ನು ವಿಚಾರಿಸುವುದು ಹೇಗೆ ಅವಶ್ಯವೋ ಇದೂ ಹಾಗೆಯೇ ಅವಶ್ಯವಾದುದು.

ಕನ್ನಡನಾಡಿನ ಮಣ್ಣೂ ಈ ಕಥೆಯಲ್ಲಿ ಪಾಲನ್ನು ಪಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎಸ್. ವೈದ್ಯನಾಥನ್ ಅವರ ಪ್ರಯೋಗಶಾಲೆಯು ಇಂಥ ಬಳೆಯಾಕಾರದ ಪದಾರ್ಥಗಳ ಜೀರ್ಣಕ್ರಮವನ್ನು ಅಭ್ಯಸಿಸುತ್ತಿದ್ದಿತು. ಪೆಟ್ರೋಲು ತಗುಲಿದ ಬೆಂಗಳೂರಿನ ಮಣ್ಣಿನಿಂದ ಅಲ್ಲಿ ಬೇರ್ಪಡಿಸಿದ ಒಂದು ತಳಿಗೆ ಸಿ.ಎಸ್.ವಿ. ೮೬ ಎಂದು ಹೆಸರಾಯಿತು. ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್ ಇದಕ್ಕೆ ಆಹಾರ. ಸಾಮಾನ್ಯವಾದ ಬ್ಯಾಕ್ಟೀರಿಯಾಗಳು ಗ್ಲೂಕೋಸ್ ಸಕ್ಕರೆಯೂ ಇಂಥ ಕಹಿ ಪದಾರ್ಥವೂ ಒಟ್ಟಿಗೆ ಸಿಕ್ಕರೆ ಮೊದಲು ಸಕ್ಕರೆಯನ್ನು ಮುಗಿಸಿ ಅನಂತರ ಕಹಿಯ ಕಡೆಗೆ ತಿರುಗುವುವು. ಈ ತಳಿಯಾದರೋ ಮೊದಲು ಕಹಿಯನ್ನೇ ಉಣ್ಣುತ್ತದೆ. ಕೊಳೆಯ ನೀರಿನಲ್ಲಿ ಎಲ್ಲವೂ ಬೆರೆತಿರುವುದರಿಂದ ಈ ಸ್ವಭಾವವು ಬಹಳ ಉಪಯುಕ್ತವಾದುದು. ಇದರ ಜೀವಲಿಪಿಯ ಕರಡು ಪ್ರತಿಯು ೨೦೧೩ರಲ್ಲಿ ಪ್ರಕಟವಾಯಿತು. ಮುಂದೆ ಇದನ್ನು ಬೇರೆಯೇ ಜಾತಿಯೆಂದು ಗಣಿಸಿ ಸ್ಯೂಡೋಮೋನಾಸ್ ಭಾರತಿಕಾ ಎಂದು ಹೆಸರಿಡಲಾಯಿತು.

ನೆಲದಿಂದ ಸಮುದ್ರಕ್ಕೆ ಹೋದರೆ ಅಲ್ಲಿಯೂ ತೊಳೆಯುವವರುಂಟು. ಉತ್ತರ ಸಮುದ್ರದ ಬೋರ್ಕುಮ್ ದ್ವೀಪದ ಹೆಸರನ್ನು ಹೊತ್ತ ಆಲ್ಕನಿವೋರಾಕ್ಸ್ ಬೋರ್ಕುಮೆನ್ಸಿಸ್ ಎಂಬ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ೧೯೯೮ರಲ್ಲಿ ವರ್ಣಿಸಿದರು. ಸ್ವಚ್ಛವಾದ ನೀರಿನಲ್ಲಿ ಇದು ಎಲ್ಲಿಯೋ ಒಂದೊಂದು ಇರುತ್ತದೆ. ಎಣ್ಣೆ ಬಿದ್ದೊಡನೆ ಅಸಂಖ್ಯಾತವಾಗಿ ಬೆಳೆಯುತ್ತದೆ. ೨೦೦೬ರಲ್ಲಿ ಪ್ರಕಟವಾದ ಇದರ ಸುಮಾರು ೩೧ ಲಕ್ಷ ೨೦ ಸಾವಿರ ಅಕ್ಷರಗಳ ಲಿಪಿಯು ಈ ನಡತೆಯ ಕಾರಣವನ್ನು ಬಯಲಿಗೆ ತಂದಿತು. ಎಣ್ಣೆಯ ಉದ್ದ ಸರಪಣಿಗಳಿಗೆ ಆಮ್ಲಜನಕವನ್ನು ಕೂಡಿಸಿ ಒಡೆಯುವ ಕಿಣ್ವಗಳ ಜೀನುಗಳು ಇದರಲ್ಲಿ ಹಲವು ಇವೆ; ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಸಾಮಾನ್ಯ ವ್ಯವಸ್ಥೆಯೋ ಕಾಣುವುದಿಲ್ಲ. ಮತ್ತೊಂದು ಮುಖ್ಯ ಸಂಗತಿಯೆಂದರೆ, ಸಮುದ್ರದಲ್ಲಿ ಅತಿ ವಿರಳವಾಗಿರುವ ಸಾರಜನಕ ಮುಂತಾದ ಪೋಷಕಗಳನ್ನು ಹುಡುಕಿ ಹೀರಿಕೊಳ್ಳುವ ಜೀನುಗಳೂ ಇದರಲ್ಲಿ ಸಾಕಷ್ಟಿವೆ. ಎಣ್ಣೆಯಲ್ಲಿ ಇಂಗಾಲವು ಹೇರಳ, ಸಾರಜನಕವೂ ರಂಜಕವೂ ಇಲ್ಲವೆನ್ನುವಷ್ಟು ಕಡಿಮೆ. ಬರಿಯ ಎಣ್ಣೆಯಿಂದ ಯಾವ ಜೀವಿಯ ಮೈಯೂ ಬೆಳೆಯಲಾರದು.

ಅಲಾಸ್ಕಾದ ತೀರದಲ್ಲಿ ಕಂಡ ಅನುಭವವು ಇದಕ್ಕೆ ಸಾಕ್ಷಿಯಾಗಿದೆ. ೧೯೮೯ರ ಮಾರ್ಚಿ ೨೪ರಂದು ಎಕ್ಸಾನ್ ವಾಲ್ಡೆಜ್ ಎಂಬ ಹಡಗು ಬಂಡೆಗೆ ತಾಗಿ ಸುಮಾರು ೧ ಕೋಟಿ ೧೦ ಲಕ್ಷ ಗ್ಯಾಲನ್ ಎಣ್ಣೆಯು ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಗೆ ಚೆಲ್ಲಿತು. ಆಗ ತೀರದ ಕಲ್ಲುಗಳ ಮೇಲೆ ಸಾರಜನಕ ಮತ್ತು ರಂಜಕಗಳುಳ್ಳ ಗೊಬ್ಬರವನ್ನು ಸಿಂಪಡಿಸಿದಾಗ ಅಲ್ಲಿಯೇ ಇದ್ದ ಬ್ಯಾಕ್ಟೀರಿಯಾಗಳು ಚುರುಕಾಗಿ ಕೆಲಸ ಮಾಡಿದುವು. ಹೊರಗಿನಿಂದ ಹೊಸ ಜೀವಿಯನ್ನು ತರುವುದಕ್ಕಿಂತ ಇದ್ದ ಕಾಯಕಜೀವಿಗೆ ತುತ್ತನ್ನು ಒದಗಿಸುವುದು ಫಲಕಾರಿಯಾಯಿತು. ೨೦೧೦ರ ಏಪ್ರಿಲ್ ೨೦ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆಬಾವಿಯ ಕಟ್ಟೆಯು ಸ್ಫೋಟಗೊಂಡು ಹನ್ನೊಂದು ಮಂದಿ ಕೆಲಸಗಾರರು ಮಡಿದರು. ೮೭ ದಿನಗಳವರೆಗೆ ಎಣ್ಣೆಯು ಹರಿಯಿತು. ಸಾವಿರ ಮೀಟರಿಗೂ ಹೆಚ್ಚಿನ ಆಳದ ತಣ್ಣನೆಯ ನೀರನ್ನು ಮೇಲೆತ್ತಿ ಅದರೊಳಗಿನ ಡಿ.ಎನ್.ಎ.ಯನ್ನು ಪರೀಕ್ಷಿಸಿದಾಗ, ಎಣ್ಣೆಯನ್ನುಣ್ಣುವ ಕೆಲವೇ ಬಳಗದ ಬ್ಯಾಕ್ಟೀರಿಯಾಗಳು ಅಲ್ಲಿ ಮಿಕ್ಕವುಗಳನ್ನು ಮೀರಿ ಬೆಳೆದುದು ತಿಳಿಯಿತು. ಅವು ಬಹಳ ಕೆಲಸ ಮಾಡಿದುವು, ನಿಜ. ಆದರೂ ಡಾಂಬರಿನಂಥ ಭಾರವಾದ ಭಾಗವು ಸುಲಭವಾಗಿ ಕರಗದೆ ತೀರವನ್ನು ಸೇರಿತು. ಸತ್ತ ಹಕ್ಕಿಗಳನ್ನೂ ಮಡಿದ ಹನ್ನೊಂದು ಮಂದಿಯನ್ನೂ ಯಾವ ಅಣುಜೀವಿಯೂ ತಿರುಗಿ ತಂದುಕೊಡಲಿಲ್ಲ.

ಇನ್ನು ಹೇಳಬೇಕಾದ ಉದಾಹರಣೆಯು ಮಡಿವಾಳ ಕಾಯಕಕ್ಕೇ ಸಂಬಂಧಪಟ್ಟದ್ದು. ನೀರಿಲ್ಲದೆ ಬಟ್ಟೆ ತೊಳೆಯುವ ಡ್ರೈ ಕ್ಲೀನಿಂಗ್ ಎಂಬ ಪದ್ಧತಿಯಲ್ಲಿ ಪರ್‌ಕ್ಲೋರೋಎಥಿಲೀನ್ ಎಂಬ ದ್ರವವು ಇಪ್ಪತ್ತನೆಯ ಶತಮಾನದಲ್ಲಿ ಬಹಳವಾಗಿ ಬಳಕೆಗೆ ಬಂದಿತು. ಬಟ್ಟೆಯು ಮಡಿಯಾಯಿತು, ದ್ರವವು ನೆಲಕ್ಕಿಳಿಯಿತು. ನೀರಿಗಿಂತ ಭಾರವಾದುದರಿಂದ ಅದು ಅಂತರ್ಜಲದ ತಳವನ್ನು ಸೇರಿ ಹತ್ತಾರು ವರ್ಷಗಳವರೆಗೆ ಅಲ್ಲಿಯೇ ನಿಲ್ಲುವುದು. ಅದರ ಕಣದಲ್ಲಿ ಎರಡು ಇಂಗಾಲದ ಪರಮಾಣುಗಳಿಗೆ ನಾಲ್ಕು ಕ್ಲೋರೀನ್ ಪರಮಾಣುಗಳು ಅಂಟಿಕೊಂಡಿರುತ್ತವೆ. ಅಮೇರಿಕಾದ ಇಥಾಕಾ ಎಂಬ ಊರಿನ ಚರಂಡಿನೀರಿನ ಶುದ್ಧೀಕರಣ ಸ್ಥಳದಿಂದ ಬಂದ ಕೆಸರಿನಲ್ಲಿ, ಈ ನಾಲ್ಕನ್ನೂ ಒಂದೊಂದಾಗಿ ಕಿತ್ತು ಹಾಕುವ ಬ್ಯಾಕ್ಟೀರಿಯಾವೊಂದು ದೊರೆಯಿತೆಂದು ೧೯೯೭ರಲ್ಲಿ ಪ್ರಕಟವಾಯಿತು. ಅದರ ಹೆಸರು ಡಿಹ್ಯಾಲೋಕಾಕಾಯ್ಡೀಸ್. ಮನುಷ್ಯನು ಆಮ್ಲಜನಕವನ್ನು ಉಸಿರಾಡುವಂತೆ ಇದು ಆ ಕ್ಲೋರೀನ್ ಪದಾರ್ಥವನ್ನೇ ಉಸಿರಾಡುತ್ತದೆ. ಗಾಳಿಯ ಆಮ್ಲಜನಕವು ಇದಕ್ಕೆ ವಿಷ. ೨೦೦೫ರಲ್ಲಿ ಇದರ ಲಿಪಿಯನ್ನು ಓದಿದಾಗ ಅಕ್ಷರಗಳು ಸುಮಾರು ೧೪ ಲಕ್ಷ ೭೦ ಸಾವಿರವಷ್ಟೇ ಇದ್ದುವು. ಅಷ್ಟು ಚಿಕ್ಕ ಪುಸ್ತಕದಲ್ಲಿ ಕ್ಲೋರೀನನ್ನು ಕೀಳುವ ಕಿಣ್ವಗಳಿಗೆ ಸಂಬಂಧಪಟ್ಟುವೆಂದು ತೋರುವ ಜೀನುಗಳು ೧೭. ಬೇರೆ ಬಗೆಯ ಜೀವನಕ್ಕೆ ಬೇಕಾದ ಏರ್ಪಾಡುಗಳು ಅದರಲ್ಲಿ ಇಲ್ಲ. ಹುಟ್ಟಿದ ಕಾಯಕವೊಂದನ್ನೇ ಹಿಡಿದು ಬದುಕುವ ಜೀವವದು.

ಇಲ್ಲಿಯೇ ಒಂದು ದೊಡ್ಡ ಅಪಾಯವೂ ಅಡಗಿದೆ. ನಾಲ್ಕು ಕ್ಲೋರೀನುಗಳಲ್ಲಿ ಮೂರನ್ನು ಕಿತ್ತು ಒಂದನ್ನು ಉಳಿಸಿದರೆ ಆಗುವ ಪದಾರ್ಥವು ವಿನೈಲ್ ಕ್ಲೋರೈಡ್. ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ಸಿದ್ಧವಾಗಿರುವ ವಿಷ. ಕೊನೆಯ ಕ್ಲೋರೀನನ್ನೂ ಕಿತ್ತರೆ ಉಳಿಯುವುದು ಎಥಿಲೀನ್ ಎಂಬ ಅನಿಲ. ಕಾಯಿಗಳು ಹಣ್ಣಾಗುವಾಗ ತಾವೇ ಹೊರಸೂಸುವಂಥದ್ದು. ಅರ್ಧ ತೊಳೆದ ಕೊಳೆಯು ಮೊದಲಿನ ಕೊಳೆಗಿಂತಲೂ ಕೇಡಾಗಬಲ್ಲುದು. ಡಿಹ್ಯಾಲೋಕಾಕಾಯ್ಡೀಸ್ ಬಳಗದಲ್ಲಿಯೂ ಎಲ್ಲ ತಳಿಗಳು ಕೊನೆಯ ಹೆಜ್ಜೆಯನ್ನು ಚೆನ್ನಾಗಿ ಇಡಲಾರವು. ಅದಕ್ಕೆ ಬೇಕಾದ ಜೀನುಗಳು ಕೆಲವು ತಳಿಗಳಲ್ಲಿ ಮಾತ್ರ ಇವೆ. ಆದುದರಿಂದ ಊರಿನ ಅಂತರ್ಜಲವು ಹೀಗೆ ಕೆಟ್ಟಾಗ, ಆ ನೀರಿನಲ್ಲಿ ಕೊನೆಯ ಹೆಜ್ಜೆಯ ಜೀನ್ ಇದೆಯೋ ಇಲ್ಲವೋ ಎಂದು ಮೊದಲು ಪರೀಕ್ಷಿಸುತ್ತಾರೆ. ಇದ್ದರೆ ಕಾಕಂಬಿಯಂಥ ಆಹಾರವನ್ನು ನೆಲದೊಳಕ್ಕೆ ಹಾಯಿಸುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಜಲಜನಕವನ್ನು ಬಿಡುತ್ತವೆ. ಆ ಜಲಜನಕವೇ ಈ ಜೀವಿಗೆ ಅನ್ನವಾಗುವುದು. ಇಲ್ಲದಿದ್ದರೆ ಅಂಥ ತಳಿಗಳುಳ್ಳ ಮಿಶ್ರಣವನ್ನು ಹೊರಗಿನಿಂದ ತಂದು ಸೇರಿಸುತ್ತಾರೆ. ಒಂದು ಜೀನಿನ ಅಕ್ಷರಗಳನ್ನು ಬಲ್ಲುದರಿಂದ ಒಂದು ಊರಿನ ಬಾವಿನೀರಿನ ಭವಿಷ್ಯವನ್ನು ಮುಂಚಿತವಾಗಿ ಅರಿಯುವಂತಾದುದು ಈ ವಿದ್ಯೆಯ ದೊಡ್ಡ ಲಾಭಗಳಲ್ಲಿ ಒಂದು.

ಆದರೂ ಲಿಪಿಯ ಓದಿಗೆ ಅದರದೇ ಆದ ಮಿತಿಯುಂಟು. ನುಡಿ ಬೇರೆ, ನಡೆ ಬೇರೆ ಎಂಬುದು ಶರಣಮಾರ್ಗದವರಿಗೆ ಹೊಸ ಮಾತಲ್ಲ. ಜೀವಲಿಪಿಯು ಜೀವಿಯ ನುಡಿ. ಮಣ್ಣಿನಲ್ಲಿ ಅದು ಮಾಡುವ ಕೆಲಸವು ನಡೆ. ಜೀನ್ ಇದ್ದ ಮಾತ್ರಕ್ಕೆ ಕಿಣ್ವವು ಹುಟ್ಟಿತೆಂದಾಗಲಿ, ಕಿಣ್ವವು ಹುಟ್ಟಿದ ಮಾತ್ರಕ್ಕೆ ಕೊಳೆಯು ಕರಗಿತೆಂದಾಗಲಿ ಹೇಳಬರುವುದಿಲ್ಲ. ಚಳಿ, ತೇವ, ಗಾಳಿ, ಪೋಷಕಗಳು, ನೆರೆಯ ಜೀವಿಗಳು, ಇವೆಲ್ಲವೂ ಅನುಕೂಲಿಸಬೇಕು. ಮೇಲಾಗಿ, ಓದಿದ ಪ್ರತಿಯೊಂದು ಲಿಪಿಯಲ್ಲಿಯೂ ಏನು ಕೆಲಸಕ್ಕೆಂದು ಇನ್ನೂ ಗೊತ್ತಾಗದ ಜೀನುಗಳು ಅನೇಕ ಉಳಿದಿವೆ. ಜಪಾನಿನ ಸಕಾಯ್ ಎಂಬ ಪಟ್ಟಣದಲ್ಲಿ ನೀರಿನ ಬಾಟಲಿಗಳಿಗೆ ಬಳಸುವ ಜಾತಿಯ ಪ್ಲಾಸ್ಟಿಕ್ಕನ್ನುಣ್ಣುವ ಇಡಿಯೊನೆಲ್ಲಾ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾವು ದೊರೆಯಿತೆಂದು ೨೦೧೬ರಲ್ಲಿ ಪ್ರಕಟವಾದಾಗ ಪ್ಲಾಸ್ಟಿಕ್ಕಿನ ಚಿಂತೆಯೇ ತೀರಿತೆಂದು ಕೆಲವರು ಹಿಗ್ಗಿದರು. ಆದರೆ ಅದು ಉಂಡುದು ತೆಳುವಾದ ಹಾಳೆಯನ್ನು. ೩೦ ಡಿಗ್ರಿಯ ಬೆಚ್ಚನೆಯಲ್ಲಿ ಅದಕ್ಕೂ ಆರು ವಾರಗಳು ಹಿಡಿದುವು. ಬಾಟಲಿಯ ಗಟ್ಟಿಯಾದ ಪ್ಲಾಸ್ಟಿಕ್ಕು ಅದಕ್ಕೆ ಹಾಗೆ ವಶವಾಗುವುದಿಲ್ಲ.

ಇದಕ್ಕಿಂತಲೂ ಕಠಿಣವಾದ ಮಿತಿಯೊಂದಿದೆ. ಸೀಸ, ಪಾದರಸ, ಯುರೇನಿಯಂ ಇವು ಮೂಲಧಾತುಗಳು. ಇವುಗಳನ್ನು ಯಾವ ಅಣುಜೀವಿಯೂ ಒಡೆದು ಇಲ್ಲದಂತೆ ಮಾಡಲಾರದು. ೨೦೦೩ರಲ್ಲಿ ಜೀವಲಿಪಿಯು ಪ್ರಕಟವಾದ ಜಿಯೋಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಯುರೇನಿಯಮ್ಮನ್ನು ಕರಗದ ರೂಪಕ್ಕೆ ತಿರುಗಿಸಿ ಅದು ಹರಿಯದಂತೆ ತಡೆಯಬಲ್ಲವು. ಆದರೆ ಅದು ಅಲ್ಲಿಯೇ ನೆಲದೊಳಗೆ ಇದ್ದೇ ಇರುವುದು. ಮುಂದೆ ಆಮ್ಲಜನಕವು ತಗುಲಿದರೆ ಮತ್ತೆ ಕರಗಲೂಬಹುದು. ಒಮ್ಮೆ ಚೆಲ್ಲಿದುದು ಎಂದೆಂದಿಗೂ ಚೆಲ್ಲಿದುದೇ ಆಗಿರುವ ಪದಾರ್ಥಗಳೂ ಲೋಕದಲ್ಲಿ ಇವೆಯೆಂಬುದನ್ನು ಯಾರೂ ಮರೆಯತಕ್ಕದ್ದಲ್ಲ.

ಈ ಎಲ್ಲ ಸಂಗತಿಗಳಿಂದ ಹೊರಡುವ ತಾತ್ಪರ್ಯವು ಹೀಗಿದೆ. ತೊಳೆಯುವವನು ಇದ್ದಾನೆಂಬ ಧೈರ್ಯದಿಂದ ಬಟ್ಟೆಯನ್ನು ಬೇಕೆಂದೇ ಕೆಸರಿಗೆ ಹಾಕುವವನು ಮಡಿವಾಳನ ಕಾಯಕವನ್ನು ಗೌರವಿಸಿದವನಾಗಲಾರನು. ಕೊಳೆಯನ್ನುಣ್ಣುವ ಜೀವಿಗಳಿವೆ, ಅವುಗಳ ಲಿಪಿಯನ್ನೂ ಓದಿಯಾಗಿದೆ, ಇನ್ನು ಎಷ್ಟು ಹೊಲಸು ಮಾಡಿದರೂ ಭಯವಿಲ್ಲ ಎಂಬ ಮಾತು ಅಲ್ಲಲ್ಲಿ ಕೇಳಬರುತ್ತಿರುವುದು. ಓದಿದ ಲಿಪಿಗಳೇ ಅದನ್ನು ಸುಳ್ಳೆಂದು ಸಾರುತ್ತವೆ. ಒಂದೊಂದು ಜೀವಿಗೂ ಒಂದೊಂದೇ ಬಗೆಯ ಉಣಿಸು, ಅದಕ್ಕೆ ತಕ್ಕ ನೆಲೆ, ಅದಕ್ಕೆ ತಕ್ಕ ಕಾಲ. ಅವುಗಳ ಕಾಯಕವನ್ನು ಸಾಗಗೊಡುವುದು ಮನುಷ್ಯನ ಧರ್ಮ. ಅವುಗಳಿಂದಾಗದ ಹೊರೆಯನ್ನು ಹೊರಿಸದಿರುವುದು ಅದಕ್ಕಿಂತ ಮೊದಲಿನ ಧರ್ಮ.

ಈ ಧರ್ಮದ ಆಚರಣೆಗೆ ಪ್ರಯೋಗಶಾಲೆಯು ಬೇಕಾಗಿಲ್ಲ. ದಾಸೋಹದ ಪಂಕ್ತಿ ಎದ್ದ ಬಳಿಕ ಉಳಿದ ಎಲೆ-ಅನ್ನವು ತಿಪ್ಪೆಯನ್ನು ಸೇರಿದರೆ ಅಣುಜೀವಿಗಳು ಅದನ್ನು ತಪ್ಪದೆ ಗೊಬ್ಬರ ಮಾಡಿಕೊಡುವುವು. ಅದರೊಳಗೆ ಪ್ಲಾಸ್ಟಿಕ್ಕಿನ ಲೋಟವನ್ನೂ ಕೆಟ್ಟ ಬ್ಯಾಟರಿಯನ್ನೂ ಬೆರೆಸಿದರೆ ಆ ಕಾಯಕವೇ ಕೆಡುವುದು. ಯಂತ್ರದ ಹಳೆಯ ಎಣ್ಣೆಯನ್ನು ಕೆರೆಯ ಏರಿಯ ಮೇಲೆ ಸುರಿಯದಿರುವುದು, ಔಷಧ ಸಿಂಪಡಿಸಿದ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯದಿರುವುದು, ಉಣಬಲ್ಲುದನ್ನೂ ಉಣಲಾರದುದನ್ನೂ ಬೇರೆ ಬೇರೆಯಾಗಿ ಇಡುವುದು, ಇಷ್ಟನ್ನು ಪ್ರತಿಯೊಂದು ಮನೆಯೂ ಪ್ರತಿಯೊಂದು ಮಠವೂ ನಡೆಸಬಹುದು. ಹೀಗೆ ನಡೆಸಿದಲ್ಲಿ ಲಕ್ಷಗಟ್ಟಲೆ ಅಕ್ಷರಗಳನ್ನು ಓದಿದ ವಿಜ್ಞಾನಿಗಳ ಶ್ರಮವೂ, ಮಣ್ಣಿನೊಳಗೆ ಹಗಲಿರುಳು ದುಡಿಯುವ ಹೆಸರಿಲ್ಲದ ಜೀವಗಳ ಶ್ರಮವೂ ಸಾರ್ಥಕವಾಗುವುದು.